ಇಳಿಜಾರು ಮುಗಿದ ಮೇಲೆ ಮೂರು ಮೆಟ್ಟಿಲು

ನಮ್ಮ ಚರ್ಚಿನ ಸಭೆಯಲ್ಲಿ, ಮೆಟ್ಟಿಲ ಬದಲು ಗಾಲಿಕುರ್ಚಿ ಹತ್ತುವಂಥ ಇಳಿಜಾರಿನ ಮಾತು ಮೊದಲು ಎದ್ದದ್ದು ಒಂದು ಮದುವೆಯ ದಿನ. ಮದುಮಗಳ ಅಜ್ಜನಿಗೆ ಪಾರ್ಶ್ವವಾಯುವಾಗಿ ಮೈಯ ಒಂದು ಬದಿ ಬಿದ್ದುಹೋಗಿತ್ತು. ನಾಲ್ವರು ಹುಡುಗರು ಅವರನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ಚರ್ಚಿನ ಮೆಟ್ಟಿಲು ಹತ್ತಿಸಿದರು. ಹಲವರು ಫೋಟೋ ತೆಗೆದರು, ನಮ್ಮ ಯೌವನಸ್ಥರು ಎಷ್ಟು ಒಳ್ಳೆಯವರು ಎಂದು ಹಿರಿಯರು ಹೊಗಳಿದರು. ಊಟದ ಹೊತ್ತಿಗೆ ಅಜ್ಜ ನನ್ನನ್ನು ಹತ್ತಿರ ಕರೆದು, “ಟೀಚರ್, ಇನ್ನೊಮ್ಮೆ ನನ್ನನ್ನು ಹಾಗೆ ಹೊರುವುದಾದರೆ ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಹೊರಲಿ” ಎಂದರು. ತಮಾಷೆಯಾಗಿ ಹೇಳಿದರು, ಆದರೆ ನಗಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆ ವರ್ಷ, ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಗೆ ಹೊಸದಾಗಿ ಸೇರಿದ್ದೆ. ಹೊಸಬರಿಗೆ ಯಾರಿಗೂ ಬೇಡವಾದ ಕೆಲಸ ಬರುವುದು ಎಲ್ಲ ಕಮಿಟಿಗಳ ನಿಯಮ. “ಎಲ್ಲರಿಗೂ ಅನುಕೂಲವಾಗುವ ಆರಾಧನೆ” ಎಂಬ ವಿಷಯ ನನ್ನ ಪಾಲಿಗೆ ಬಂದದ್ದು ಹಾಗೆ.

ಉಡುಪಿ ಜಿಲ್ಲೆಯ ನಮ್ಮ ದೇವಾಲಯ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದ್ದು. ಈಗ ಸಿಎಸ್‌ಐಗೆ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆಗಳು ಕೂಡಿ ಆದ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ ಸೇರಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನಿನವರು ಕರಾವಳಿಯ ಮಳೆಯನ್ನು ಬೇಗ ಅರ್ಥಮಾಡಿಕೊಂಡರು. ಎತ್ತರದ ಪಂಚಾಂಗ (ಕಟ್ಟಡದ ಅಡಿಗಟ್ಟೆ), ದಪ್ಪ ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು. ಆ ಹಂಚನ್ನೂ 1865ರಿಂದ ಮಂಗಳೂರಿನ ತಮ್ಮದೇ ಕಾರ್ಖಾನೆಯಲ್ಲಿ ತಯಾರಿಸಿದರು. ನೀರು ಒಳಗೆ ಬರದಂತೆ ಕಟ್ಟಿದ ಆ ಪಂಚಾಂಗವೇ ಈಗ ಮನುಷ್ಯರನ್ನೂ ಹೊರಗೆ ನಿಲ್ಲಿಸುತ್ತಿತ್ತು.

ಮೊದಲ ಚರ್ಚೆಯಲ್ಲಿ ಬಂದ ಆಕ್ಷೇಪಗಳು ಎಲ್ಲ ಊರಿನಲ್ಲಿಯೂ ಬರುವಂಥವೇ. ಹಳೆಯ ಕಟ್ಟಡದ ಅಂದ ಕೆಡುತ್ತದೆ. ಅಷ್ಟು ಹಣ ಎಲ್ಲಿಂದ ತರುವುದು? ಕೊನೆಗೆ ಒಬ್ಬ ಹಿರಿಯರು, “ಗಾಲಿಕುರ್ಚಿಯವರು ನಮ್ಮಲ್ಲಿ ಯಾರಿದ್ದಾರೆ? ನಾನಂತೂ ಒಬ್ಬರನ್ನೂ ಕಂಡಿಲ್ಲ” ಎಂದರು. ಮೆಟ್ಟಿಲ ಮೇಲೆ ಕುಳಿತು ನೋಡಿದರೆ ಹತ್ತಲಾಗದವರು ಕಾಣುವುದಾದರೂ ಹೇಗೆ? ಬೈಬಲಿನ ಮಾರ್ಕನ ಸುವಾರ್ತೆಯ ನಾಲ್ವರ ಕಥೆಯನ್ನು ಇನ್ನೊಬ್ಬರು ಎತ್ತಿದರು. ಪಾರ್ಶ್ವವಾಯು ರೋಗಿಯನ್ನು ಅವರು ಯೇಸುವಿನ ಬಳಿಗೆ ಹೊತ್ತುಕೊಂಡೇ ಬಂದರಲ್ಲ, ನಾವೂ ಹೊತ್ತರೆ ತಪ್ಪೇನು ಎಂಬುದು ಅವರ ವಾದ. ಆ ನಾಲ್ವರು ಹಾದಿ ಸಿಗದಾಗ ಮಾಳಿಗೆಯನ್ನೇ ಕಿತ್ತರು, ನಾವು ಒಂದು ಕೆಂಪುಕಲ್ಲು ಕದಲಿಸಲೂ ಒಪ್ಪುತ್ತಿಲ್ಲ ಎಂದು ನಮ್ಮ ಪಾದ್ರಿ ಅಯ್ಯನವರು ಮೆಲ್ಲಗೆ ಹೇಳಿದ ಮೇಲೆ ಆ ವಾದ ತಣ್ಣಗಾಯಿತು.

ಈ ಚರ್ಚೆಯೆಲ್ಲ ನಡೆದದ್ದು ಸಭಾಭವನದ ಮಹಡಿಯ ಮೇಲೆ. ಯಾರಿಗಾಗಿ ಇಳಿಜಾರು ಬೇಕಿತ್ತೋ ಅವರು ಬಂದು ಒಂದು ಮಾತು ಹೇಳಲು ಸಾಧ್ಯವೇ ಇರಲಿಲ್ಲ. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಒಬ್ಬ ಹುಡುಗ ನಮ್ಮ ಸಭೆಯಲ್ಲೇ ಇದ್ದ. ಮನೆಯಲ್ಲಿ ಕುಳಿತು ಅಂಗಡಿಯವರ ಜಿಎಸ್‌ಟಿ ಲೆಕ್ಕ ಬರೆಯುತ್ತಿದ್ದ, ಭಾನುವಾರದ ಆರಾಧನೆಯನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಕೇಳದೆ ಮೇಸ್ತ್ರಿಗೆ ಕೆಲಸ ಒಪ್ಪಿಸಬಾರದು ಎಂದು ನಾನು ಹಟ ಹಿಡಿದೆ. ಮುಂದಿನ ಮೀಟಿಂಗ್ ಕೆಳಗೆ, ಭಾನುವಾರ ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಮೇಲೆ ನಡೆಯಿತು. ಕಮಿಟಿಯ ಸದಸ್ಯರ ಮೊಣಕಾಲುಗಳಿಗೂ ಅದು ಹಿತವಾಯಿತೆಂದು ಆಮೇಲೆ ತಿಳಿಯಿತು. ಮಹಡಿಗೆ ಮತ್ತೆ ಯಾರೂ ಹೋಗಲಿಲ್ಲ.

ಮೇಸ್ತ್ರಿಯ ಪ್ರಕಾರ ಹತ್ತಡಿ ಉದ್ದದ ಇಳಿಜಾರು ಸಾಕು, “ಸ್ಕೂಟರೇ ಹತ್ತುತ್ತದೆ.” ಹುಡುಗ ನಕ್ಕ. “ಹತ್ತುವುದಿರಲಿ ಟೀಚರ್, ಇಳಿಯುವಾಗ ನಾನು ಸೀದಾ ಹೋಗಿ ಬಸ್ಸಿನ ಅಡಿಗೆ ಬೀಳುತ್ತೇನೆ” ಎಂದ. ಲೆಕ್ಕ ಸುಲಭದ್ದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಪಂಚಾಂಗ ಎರಡೂವರೆ ಅಡಿ, ಅಂದರೆ ಮೂವತ್ತು ಅಡಿ ಇಳಿಜಾರು, ಮೇಲೆ ಬಾಗಿಲ ಮುಂದೆ ಕುರ್ಚಿ ತಿರುಗಿಸುವಷ್ಟು ಸಮತಟ್ಟಾದ ಜಾಗ. ಅದನ್ನು ಹಿಂಬದಿಯಲ್ಲಿ, ಶೌಚಾಲಯದ ಪಕ್ಕದ ಬಾಗಿಲಿಗೆ ಕೊಡೋಣ ಎಂಬ ಸಲಹೆ ಬಂತು. ಹಬ್ಬದ ದಿನ ಹೊಸ ಬಟ್ಟೆ ಉಟ್ಟು ಶೌಚಾಲಯದ ಬದಿಯಿಂದ ಒಳಬರಲು ನಿಮಗೆ ಇಷ್ಟವೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಕೊನೆಗೆ ಬಡಗು ಬದಿಯ ಬಾಗಿಲಿಗೆ, ರಸ್ತೆಗೆ ಕಾಣುವಂತೆ ಕಟ್ಟಿದೆವು. ನಯವಾದ ಟೈಲ್ಸ್ ಹಾಕಲಿಲ್ಲ. ಆಷಾಢದ ಮಳೆಗೆ ಪಾಚಿ ಹಿಡಿದರೆ ಟೈಲ್ಸು ಹೇಗಿರುತ್ತದೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಒರಟು ಸಿಮೆಂಟಿನ ಮೇಲೆ ಅಡ್ಡ ಗೆರೆ ಎಳೆಸಿದೆವು, ಎರಡೂ ಬದಿಗೆ ಎರಡು ಎತ್ತರದಲ್ಲಿ ಕಂಬಿ ಹಾಕಿಸಿದೆವು. ಈಗ ಅರ್ಧ ಸಭೆ ಬರುವುದು ಅಲ್ಲಿಂದಲೇ. ಮೊಣಕಾಲು ನೋವಿನವರು, ಕೈಮಗುವಿನ ತಾಯಂದಿರು, ಕೀಬೋರ್ಡ್ ಹೊತ್ತು ತರುವ ಹುಡುಗರು. ಅಂದ ಕೆಡುತ್ತದೆ ಎಂದಿದ್ದ ಹಿರಿಯರೂ ಮಂಡಿ ಶಸ್ತ್ರಚಿಕಿತ್ಸೆಯ ನಂತರ ಕಂಬಿ ಹಿಡಿದು ಬರುತ್ತಾರೆ.

ಒಳಗೆ ಬಂದವನು ಕೂರುವುದೆಲ್ಲಿ? ನಡುದಾರಿಯಲ್ಲಿ ನಿಂತರೆ ಕಾಣಿಕೆ ಎತ್ತುವವರಿಗೆ ಅಡ್ಡ; ಹಿಂದೆ ನಿಂತರೆ ಎಲ್ಲರೂ ಎದ್ದಾಗ ಅವನಿಗೆ ಕಾಣುವುದು ಬೆನ್ನುಗಳು ಮಾತ್ರ. ಮೂರನೇ ಸಾಲಿನ ಒಂದು ಸಾಗುವಾನಿ ಬೆಂಚನ್ನು ಅರ್ಧಕ್ಕೆ ಕತ್ತರಿಸಬೇಕಾಯಿತು. ಬೆಂಚಿನ ಬೆನ್ನಿಗೆ ದಾನಿಗಳ ಹಿತ್ತಾಳೆಯ ಫಲಕವಿತ್ತು. ಆ ಮನೆಯ ಮೂವರು ಸೊಸೆಯಂದಿರು ಬಂದು ಫಲಕದ ಯಾವ ಬದಿಯಲ್ಲಿ ಗರಗಸ ಇಡಬೇಕೆಂದು ಬಡಗಿಯ ತಲೆಯ ಮೇಲೆ ನಿಂತು ತೋರಿಸಿದರು. ಇಳಿಜಾರಿಗಿಂತ ಹೆಚ್ಚು ಮಾತು ಖರ್ಚಾದದ್ದು ಈ ಬೆಂಚಿಗೆ.

ಈ ನಡುವೆ ನಾನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯನ್ನು ಓದಿಕೊಂಡೆ. 1995ರ ಹಳೆಯ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು, ಹೊಸದರಲ್ಲಿ ಇಪ್ಪತ್ತೊಂದು ಇವೆ. ಆಟಿಸಂ, ಪಾರ್ಕಿನ್ಸನ್, ಕಲಿಕೆಯ ತೊಡಕು, ಮಾನಸಿಕ ಕಾಯಿಲೆ ಎಲ್ಲ ಅದರಲ್ಲಿ ಸೇರಿವೆ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಸಭೆಯ ಮನೆಗಳನ್ನು ಮನಸ್ಸಿನಲ್ಲೇ ಸುತ್ತಿದಾಗ, ಗಾಲಿಕುರ್ಚಿಯ ಆಚೆ ಎಷ್ಟು ಮಂದಿ ಮೆಲ್ಲಗೆ ಬರುವುದನ್ನು ನಿಲ್ಲಿಸಿದ್ದಾರೆಂದು ಹೊಳೆಯಿತು.

ಕಿವಿ ಮಂದವಾದವರೇ ಹೆಚ್ಚು. ಹಂಚಿನ ಮಾಡಿನ ಮೇಲೆ ಜಡಿಮಳೆ ಸುರಿಯುವಾಗ ಚೆನ್ನಾಗಿ ಕೇಳುವವರಿಗೇ ಪ್ರಸಂಗ, ಅಂದರೆ ಅಯ್ಯನವರ ಉಪದೇಶ, ಅರ್ಧ ಸಿಕ್ಕರೆ ಪುಣ್ಯ. ಶ್ರವಣ ಸಾಧನ ಹಾಕಿಕೊಂಡವರಿಗೆ ಅದು ಮಳೆಯನ್ನೂ ದೊಡ್ಡದು ಮಾಡಿ ಕೇಳಿಸುತ್ತದೆ. ಬೈಬಲ್ ವಾಕ್ಯ ಓದುವ ನಮ್ಮ ವಾಚಕರಲ್ಲಿ ಕೆಲವರಿಗೆ, “ನನ್ನ ದನಿ ದೊಡ್ಡದು, ಮೈಕ್ ಬೇಡ” ಎಂಬ ಹೆಮ್ಮೆ ಬೇರೆ. ದನಿ ದೊಡ್ಡದಾದಷ್ಟೂ ಗೋಡೆಗಳಿಂದ ಮಾರ್ದನಿ ಹೆಚ್ಚುತ್ತದೆ, ಮಾತು ಕಲಸಿಹೋಗುತ್ತದೆ. ಮೈಕ್ ಕಡ್ಡಾಯ ಎಂದು ನಿಯಮ ಮಾಡಿದೆವು. ಅಯ್ಯನವರು ಶನಿವಾರವೇ ಪ್ರಸಂಗದ ಸಾರವನ್ನು ಒಂದು ಪುಟದಲ್ಲಿ ಬರೆದುಕೊಡಬೇಕು, ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಬಾಗಿಲ ಬಳಿ ಇಡಬೇಕು ಎಂದೂ ಕೇಳಿಕೊಂಡೆವು. ಬರೆದುಕೊಳ್ಳದೆ ಮಾತಾಡುವುದು ಅವರ ಅಭ್ಯಾಸ. ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಬರೆಯತೊಡಗಿದ ಮೇಲೆ ಪ್ರಸಂಗದ ಉದ್ದ ಇಳಿಯಿತು. ಇದರಿಂದ ಉಪಕಾರವಾದದ್ದು ಕಿವಿ ಕೇಳದವರಿಗೆ ಮಾತ್ರವಲ್ಲ.

ಹುಟ್ಟಿನಿಂದ ಕಿವಿ ಕೇಳದ ಅಣ್ಣ ತಂಗಿ ಇಬ್ಬರಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ಪ್ರಸಂಗದ ಹೊತ್ತಿಗೆ ಎದ್ದುಹೋಗುತ್ತಿದ್ದರು. ಅವರಿಗಾಗಿ ಮಂಗಳೂರಿನಿಂದ ಸಂಜ್ಞಾಭಾಷೆಯ ಅನುವಾದಕಿಯೊಬ್ಬರು ತಿಂಗಳಿಗೊಂದು ಭಾನುವಾರ ಬರುವ ಏರ್ಪಾಡಾಯಿತು. ಬಂದವರು ಮೊದಲು ಮಾಡಿದ್ದು ತಮ್ಮ ಜಾಗ ಬದಲಿಸಿದ್ದು. ವೇದಿಯ ಹಿಂದಿನ ಬಣ್ಣದ ಗಾಜಿನ ಕಿಟಕಿಯ ಬೆಳಕು ಬೆನ್ನಿಗೆ ಬಿದ್ದರೆ ಮುಖ ಕತ್ತಲಾಗುತ್ತದೆ. ಭಾರತೀಯ ಸಂಜ್ಞಾಭಾಷೆಯಲ್ಲಿ ಕೈಯಷ್ಟೇ ಮುಖವೂ ಮಾತಾಡುತ್ತದೆ. ಅದು ಕನ್ನಡವನ್ನು ಕೈಯಲ್ಲಿ ಬರೆದು ತೋರಿಸುವುದಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಆದ್ದರಿಂದ ಸಂಗೀತಗಳ, ಅಂದರೆ ಆರಾಧನೆಯ ಹಾಡುಗಳ, ಅರ್ಥ ಅನುವಾದಕಿಗೆ ಮುಂಚೆಯೇ ತಿಳಿಯಬೇಕು. ಜರ್ಮನ್ ರಾಗಕ್ಕೆ ಕೂರಿಸಿದ ನಮ್ಮ ಹಳೆಯ ಸಂಗೀತವೊಂದರ ಎರಡನೇ ಚರಣ ತೋರಿಸಿ, “ಇದರ ತಾತ್ಪರ್ಯವೇನು?” ಎಂದು ಅವರು ಗಾಯನವೃಂದವನ್ನು ಕೇಳಿದರು. ಬಾಲ್ಯದಿಂದ ನಾಲ್ಕು ಧ್ವನಿಯಲ್ಲಿ ಹಾಡಿಕೊಂಡು ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕನ್ನಡ ಪಂಡಿತಳೆಂದು ನನ್ನ ಕಡೆ ತಿರುಗಿದರು. ನಾನೂ ಆ ರಾತ್ರಿ ನಿಘಂಟು ತೆಗೆದೆ.

ಕಣ್ಣು ಕಾಣದ ಅಕ್ಕನೊಬ್ಬರ ತೊಡಕು ಬೇರೆಯದೇ. ಅವರ ಮೊಬೈಲ್ ಕನ್ನಡವನ್ನು ಓದಿ ಹೇಳುತ್ತದೆ. ಆರಾಧನಾ ಕ್ರಮವನ್ನು ನಾವು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಿದ್ದೆವು. ಅವರು ಒಂದು ದಿನ ಮೊಬೈಲನ್ನು ನನ್ನ ಕಿವಿಗೆ ಹಿಡಿದರು. ಬಂದದ್ದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಅರ್ಥವಿಲ್ಲದ ಸರಮಾಲೆ. ಮುದ್ರಣದವರು ಎಲ್ಲವನ್ನೂ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಅದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ಫೋಟೋ ತೆಗೆದು ಕಳಿಸಿದ ವಾರ ಮೊಬೈಲ್ ಬಾಯಿಯನ್ನೇ ಬಿಡುತ್ತಿರಲಿಲ್ಲ. ಪರಿಹಾರ ಯೂನಿಕೋಡ್, ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ. ಯೌವನಸ್ಥರ ಸಂಘದವರು ಸಂಗೀತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿದರು. ಅರ್ಕಾವತ್ತುಗಳು ಅಕ್ಷರ ತಪ್ಪಿ ಕುಳಿತವು, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ತಿದ್ದುವ ಕೆಲಸಕ್ಕೆ ಅಕ್ಕನೇ ಮೇಲ್ವಿಚಾರಕಿ. ಓದಿಸಿ ಕೇಳಿ ತಪ್ಪು ಹಿಡಿಯುವುದರಲ್ಲಿ ಅವರ ಕಿವಿ ನನ್ನ ಕೆಂಪು ಪೆನ್ನಿಗಿಂತ ಚುರುಕು. ಇಷ್ಟು ಕಡಿಮೆ ಖರ್ಚಿನ ಬದಲಾವಣೆಯನ್ನು ಪ್ರತಿ ಸಭೆಯೂ ಇಂದೇ ಮಾಡಬಹುದು, ಆದರೆ ಇದನ್ನು ಯಾರೂ ಅನುಕೂಲವೆಂದು ಎಣಿಸುವುದೇ ಇಲ್ಲ.

ಆಟಿಸಂ ಇರುವ ಮಗನ ತಾಯಿ ಯಾವಾಗಲೂ ಬಾಗಿಲ ಬದಿಯಲ್ಲಿ, ಓಡಲು ಸಿದ್ಧಳಾದವಳಂತೆ ಕೂರುತ್ತಿದ್ದಳು. ಡ್ರಮ್ ಬಾರಿಸಿದರೆ ಹುಡುಗ ಕಿವಿ ಮುಚ್ಚಿ ಕೂಗುತ್ತಿದ್ದ, ಸಾಲುಸಾಲು ತಲೆಗಳು ತಿರುಗುತ್ತಿದ್ದವು. ಡ್ರಮ್ಮಿನ ದನಿ ತಗ್ಗಿಸಲು ಗಾಯನವೃಂದ ಒಪ್ಪಿತು, ಪಕ್ಕದ ಕೋಣೆಯೊಂದನ್ನು ಸದ್ದಿಲ್ಲದ ಜಾಗವಾಗಿ ಬಿಟ್ಟುಕೊಟ್ಟೆವು. ಆರಾಧನೆಯ ನಡುವೆ ಒಬ್ಬರಿಗೊಬ್ಬರು ಕೈ ಕೊಟ್ಟು ‘ಸಮಾಧಾನ’ ಹಂಚಿಕೊಳ್ಳುವ ಹೊತ್ತು ಅವನಿಗೆ ಇನ್ನೂ ಕಷ್ಟದ್ದು. 1947ರಲ್ಲಿ ಹುಟ್ಟಿದ ಸಿಎಸ್‌ಐ, 1950ರಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ತನ್ನ ಕರ್ತನ ಭೋಜನದ ಕ್ರಮವನ್ನು ಹೊರತಂದಾಗ, ಕೇರಳದ ಸುರಿಯಾನಿ ಕ್ರೈಸ್ತ ಸಭೆಗಳಲ್ಲಿದ್ದಂತೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಸೇರಿಸಿಕೊಂಡಿತು. ಒಬ್ಬರ ಜೋಡಿಸಿದ ಕೈಗಳ ನಡುವೆ ಇನ್ನೊಬ್ಬರ ಕೈ. ಕಣ್ಣು ಕಾಣದ ಅಕ್ಕನಿಗೆ ಇಡೀ ಆರಾಧನೆಯಲ್ಲಿ ಅತ್ಯಂತ ಇಷ್ಟದ ಘಳಿಗೆ ಅದು. ಈ ಹುಡುಗನಿಗೆ ಅಪರಿಚಿತರ ಕೈ ತಾಗಿದರೆ ಬೆಂಕಿ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿಂಸೆ, ಎರಡಕ್ಕೂ ಒಂದೇ ನಿಯಮ ಮಾಡಲಾಗದು. ಈಗ ಎದುರಿನವರು ಕೈ ಚಾಚುವವರೆಗೆ ನಾವು ಕೈಮುಗಿದು ನಿಲ್ಲುತ್ತೇವೆ. ಕೋವಿಡ್ ಕಾಲದಲ್ಲಿ ಕೈಮುಗಿಯುವುದು ರೂಢಿಯಾಗಿದ್ದರಿಂದ ಇದಕ್ಕೆ ವಿರೋಧ ಬರಲಿಲ್ಲ.

ಅವನ ತಾಯಿ ಆರಾಧನೆಯ ಕ್ರಮವನ್ನು ಚಿತ್ರಗಳಲ್ಲಿ ಮಾಡಿಕೊಟ್ಟಳು. ಗಂಟೆ, ಹಾಡು, ಪುಸ್ತಕ, ಮುಗಿದ ಕೈ, ಕಾಣಿಕೆ ಚೀಲ. ಒಂದೊಂದು ಮುಗಿದ ಹಾಗೆ ಅವನು ಒಂದೊಂದು ಚೀಟಿಯನ್ನು ಕಿತ್ತು ಡಬ್ಬಿಗೆ ಹಾಕುತ್ತಾನೆ. ಮುಂದೇನೆಂದು ಗೊತ್ತಿದ್ದರೆ ಅವನು ನಿರಾಳ. ಒಂದು ಭಾನುವಾರ ವಾಕ್ಯ ಪಠಣಕ್ಕೂ ಪ್ರಸಂಗಕ್ಕೂ ನಡುವೆ ಕಾರ್ಯದರ್ಶಿಗಳು ಎದ್ದು ಸುಗ್ಗಿ ಹಬ್ಬದ ಹರಾಜಿನ ಪ್ರಕಟಣೆ ಶುರುಮಾಡಿದರು. ಹುಡುಗ ಚೀಟಿ ಎತ್ತಿ ಹಿಡಿದು, “ಇದು ಇಲ್ಲ! ಇದು ಇಲ್ಲ!” ಎಂದು ಕೂಗಿದ. ಅಯ್ಯನವರು ತಮ್ಮ ಪುಸ್ತಕ ನೋಡಿ, “ಅವನು ಹೇಳುವುದು ಸರಿ, ನನ್ನದರಲ್ಲೂ ಇಲ್ಲ” ಎಂದರು. ಎಲ್ಲೆಂದರಲ್ಲಿ ನುಗ್ಗುತ್ತಿದ್ದ ಪ್ರಕಟಣೆಗಳು ಅಂದಿನಿಂದ ಕೊನೆಗೆ ಹೋದವು. ವರ್ಷಗಟ್ಟಲೆ ನಾವು ಕೇಳಿಕೊಂಡರೂ ಆಗದಿದ್ದ ಕೆಲಸ.

ಕರ್ತನ ಭೋಜನದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೊಣಕಾಲೂರಲಾಗದವರ ಬಳಿಗೆ ಅಯ್ಯನವರೇ ಇಳಿದುಬರುತ್ತಾರೆ, ಕೊನೆಗಲ್ಲ, ಮೊದಲಿಗೆ. ಗೋಧಿ ತಿಂದರೆ ಕರುಳಿಗೆ ಆಗದ ಸೀಲಿಯಾಕ್ ಕಾಯಿಲೆಯ ಹುಡುಗಿಗೆ ಅಕ್ಕಿಹಿಟ್ಟಿನ ರೊಟ್ಟಿಯನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಡುತ್ತೇವೆ. ಗೋಧಿ ಮುಟ್ಟಿದ ಬೆರಳು ಅದಕ್ಕೆ ತಾಗಬಾರದು. ಈ ವಿಷಯದಲ್ಲಿ ನಮ್ಮ ಕಥೋಲಿಕ ನೆರೆಯವರಿಗೆ ಇಷ್ಟು ಸಡಿಲವಿಲ್ಲ. ಅವರಲ್ಲಿ ರೊಟ್ಟಿ ಗೋಧಿಯದೇ ಆಗಬೇಕು, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ತೀರ ಕಡಿಮೆಯಿದ್ದರೆ ನಡೆಯುತ್ತದೆ, ಪೂರ್ತಿ ಇಲ್ಲದ್ದು ಸಲ್ಲದು ಎಂದು ವ್ಯಾಟಿಕನ್ 2017ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತ್ತು. ಕುಡಿತ ಬಿಟ್ಟವರಿಗೆ ಮುಜುಗರವಾಗದಿರಲೆಂದು ಎಲ್ಲರಿಗೂ ದ್ರಾಕ್ಷಾರಸವನ್ನು ಹುದುಗು ಬರದಂತೆಯೇ ತಯಾರಿಸುತ್ತೇವೆ. ಚಿಕ್ಕ ಬಟ್ಟಲುಗಳು ನಡುಗುವ ಕೈಗಳಿಗೂ ಸುಲಭ.

ಇಷ್ಟೆಲ್ಲ ಕೈಗೆ ಬಂದಿದ್ದಾಗ ಆದ ಒಂದು ಘಟನೆ ನನ್ನ ನಿದ್ದೆ ಕೆಡಿಸಿತು. ಭಕ್ತಿಯನ್ನು ಮತ್ತೆ ಚಿಗುರಿಸಲೆಂದು ನಡೆಸುವ ಉಜ್ಜೀವನ ಕೂಟಕ್ಕೆ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಗಾಲಿಕುರ್ಚಿಯ ಹುಡುಗನನ್ನು ಎಲ್ಲರೆದುರು ಮುಂದಕ್ಕೆ ಕರೆದು, ನಂಬಿಕೆಯಿದ್ದರೆ ಈಗಲೇ ಎದ್ದು ನಿಲ್ಲು ಎಂದರು. ಹುಡುಗ ತಾನಿದ್ದ ಅರ್ಧ ಬೆಂಚಿನ ಪಕ್ಕದಿಂದ ಕದಲಲಿಲ್ಲ. “ನನಗೆ ಇವತ್ತು ಪ್ರಾರ್ಥನೆ ಬೇಕಾಗಿರುವುದು ಅಮ್ಮನ ಸಕ್ಕರೆ ಕಾಯಿಲೆಗೆ. ಅದಕ್ಕೆ ಮಾಡುತ್ತೀರಾ?” ಎಂದು ಗಟ್ಟಿಯಾಗಿ ಕೇಳಿದ. ನಂಬಿಕೆ ಸಾಲದೆಂಬ ಗೊಣಗು ಅಲ್ಲಲ್ಲಿ ಕೇಳಿಸಿತು. ಹುಟ್ಟು ಕುರುಡನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದ್ದು ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಎರಡು ಸಾವಿರ ವರ್ಷ ಕಳೆದರೂ ನಾವು ಶಿಷ್ಯರ ಪ್ರಶ್ನೆಯ ಬಳಿಯೇ ನಿಂತಿದ್ದೇವೆ. ಕೇಳದೆ ಯಾರ ತಲೆಯ ಮೇಲೂ ಕೈಯಿಡಬಾರದು ಎಂದು ಕಮಿಟಿ ನಿರ್ಣಯ ಬರೆದುಕೊಂಡಿತು. ಹೊರಗಿನಿಂದ ಬರುವ ಪ್ರಸಂಗಿಗಳಿಗೆ ಅದನ್ನು ಮುಂಚೆಯೇ ತಿಳಿಸುತ್ತೇವೆ. ಒಬ್ಬರು ಅದೇ ಕಾರಣಕ್ಕೆ ಬರಲೊಲ್ಲೆ ಎಂದರು. ಬರಲಿಲ್ಲ, ನಷ್ಟವೂ ಆಗಲಿಲ್ಲ.

ಆಮೇಲೆ ಉಳಿದದ್ದು ವೇದಿಯ ಮುಂದಿನ ಮೂರು ಮೆಟ್ಟಿಲು. ಮೂವತ್ತು ಅಡಿ ಇಳಿಜಾರು ಕಟ್ಟಿ ಜನರನ್ನು ಬೆಂಚಿನವರೆಗೆ ಕರೆತಂದಿದ್ದೆವು. ಅಲ್ಲಿಂದ ವಾಕ್ಯ ಓದುವ ಪೀಠಕ್ಕೆ ಹೋಗುವ ಹಾದಿ ಮುಚ್ಚಿಯೇ ಇತ್ತು. ಬನ್ನಿ, ಕುಳಿತುಕೊಳ್ಳಿ, ನಾವು ಓದುತ್ತೇವೆ, ನೀವು ಕೇಳಿ ಎಂದ ಹಾಗೆ. ವಾಚಕರ ಪಟ್ಟಿಯಲ್ಲಿ ಅಕ್ಕನ ಹೆಸರನ್ನೂ ಹುಡುಗನ ಹೆಸರನ್ನೂ ನಾನು ಬರೆದಾಗ, ಅವರಿಗೆ ಕೆಳಗೆ ಕೈಮೈಕ್ ಕೊಡೋಣ, ಉಳಿದವರು ಮೇಲಿನಿಂದ ಓದಲಿ ಎಂದರು. ಅಯ್ಯನವರು ಅದಕ್ಕೆ ಒಪ್ಪಲಿಲ್ಲ. ಓದುವ ಪೀಠವನ್ನೇ ಕೆಳಗಿಳಿಸಿ, ಯಾರೇ ಓದಲಿ, ಬಿಷಪರೇ ಬಂದರೂ, ಅಲ್ಲಿಂದಲೇ ಓದಲಿ ಎಂದರು. ದೇವರ ವಾಕ್ಯವನ್ನು ಕೆಳಗಿಳಿಸುವುದೇ ಎಂದು ಗೊಣಗಿದವರಿದ್ದರು. ಹಳೆಯ ಪೀಠದ ಹಲಗೆ ಓರೆಯಾಗಿದ್ದರಿಂದ ಬ್ರೈಲ್ ಸಂಪುಟ ಜಾರುತ್ತಿತ್ತು; ಬಡಗಿ ಅದನ್ನು ಮಟ್ಟಸ ಮಾಡಿ, ಎತ್ತರ ಏರಿಳಿಸುವ ಹಾಗೆ ಮಾಡಿಕೊಟ್ಟ.

ಬ್ರೈಲಿನಲ್ಲಿ ಇಡೀ ಬೈಬಲ್ ಒಂದು ಪುಸ್ತಕವಲ್ಲ, ಕಪಾಟು ತುಂಬುವ ಸಂಪುಟಗಳ ಸಾಲು. ಅಕ್ಕ ಆ ದಿನದ ಒಂದು ಸಂಪುಟವನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ, ಮಳೆಗಾಲದ ತೇವಕ್ಕೆ ಚುಕ್ಕೆಗಳು ಮೆತ್ತಗಾಗುತ್ತವೆ ಎಂದು. ಎಡಗೈ ಸಾಲಿನ ಮೊದಲಲ್ಲಿ ಕಾದಿರುತ್ತದೆ, ಬಲಗೈ ಸಾಲಿನುದ್ದಕ್ಕೆ ಓಡುತ್ತದೆ, ಬಾಯಿ ಅದರ ಒಂದು ಪದ ಹಿಂದೆ. ಓದುವಾಗ ತಲೆ ತಗ್ಗಿಸಬೇಕಾಗಿಲ್ಲವಾದ್ದರಿಂದ ಮುಖ ಪೂರ್ತಿ ಸಭೆಯ ಕಡೆಗಿರುತ್ತದೆ. ತಲೆ ತಗ್ಗಿಸಿ ಮೈಕಿಗೆ ಹಣೆ ತೋರಿಸಿ ಓದುವ ನಮ್ಮೆಲ್ಲರಿಗಿಂತ ಅವರ ಮಾತು ಹಿಂದಿನ ಬೆಂಚಿಗೆ ಚೆನ್ನಾಗಿ ಮುಟ್ಟುತ್ತದೆ. ಕಿವಿ ಮಂದವಾದ ಹಿರಿಯರು ಅವರ ಸರದಿ ಯಾವಾಗ ಎಂದು ಮೊದಲೇ ವಿಚಾರಿಸುತ್ತಾರೆ.

ಹುಡುಗ ಕಳೆದ ಚುನಾವಣೆಯಲ್ಲಿ ನಿಂತು ಕಮಿಟಿಗೆ ಬಂದ, ಈಗ ಖಜಾಂಚಿ. ಲೆಕ್ಕದಲ್ಲಿ ಬಲು ಬಿಗಿ. ಚರ್ಚಿನ ನೆಲದ ಸುತ್ತ ತಂತಿ ಎಳೆದು, ಮೈಕಿನ ಮಾತನ್ನು ನೇರವಾಗಿ ಶ್ರವಣ ಸಾಧನಕ್ಕೆ ತಲುಪಿಸುವ ವ್ಯವಸ್ಥೆಯೊಂದಿದೆ. ಮಳೆಯ ಸದ್ದು ನಡುವೆ ಬರುವುದಿಲ್ಲ. ಅದನ್ನು ಹಾಕಿಸಬೇಕೆಂದು ನಾನು ಕಮಿಟಿಗೆ ಬರೆದುಕೊಟ್ಟೆ. ಅವನು ಓದಿ, ನಮ್ಮವರ ಸಾಧನಗಳಲ್ಲಿ ಅದನ್ನು ಹಿಡಿಯುವ ಸುರುಳಿ ಎಷ್ಟರಲ್ಲಿದೆ ಎಂದು ಕೇಳಿದ. ಅಗ್ಗದ ಹಲವು ಸಾಧನಗಳಲ್ಲಿ ಅದು ಇರುವುದಿಲ್ಲ, ನಿಜ. “ಟೀಚರ್, ಮೊದಲು ಮನೆಮನೆಗೆ ಹೋಗಿ ಪಟ್ಟಿ ಮಾಡಿ. ಮೂರು ದರಪಟ್ಟಿ ತನ್ನಿ. ಹಂಚಿನ ರಿಪೇರಿ ಮಳೆಗಾಲಕ್ಕೆ ಮೊದಲು ಆಗಬೇಕು, ಇದು ಆಮೇಲೆ” ಎಂದು ನನ್ನ ಅರ್ಜಿಯನ್ನು ಹಿಂದಿರುಗಿಸಿದ. ನಾನು ವಾದಿಸಿದೆ, ಸೋತೆ. ಪಟ್ಟಿ ಅರ್ಧ ಆಗಿದೆ, ದರಪಟ್ಟಿಗಳಲ್ಲಿ ಎರಡು ಬಂದಿವೆ. ಮೂರನೆಯದು ಸಿಕ್ಕಿದ ಕೂಡಲೇ ಮತ್ತೆ ಅವನ ಮುಂದೆ ಇಡುವವಳಿದ್ದೇನೆ.